ಕುಮಾರ ಪರ್ವತಕ್ಕೆ ಮತ್ತೆ ಹೊರಟಿದ್ದೇವೆ, ಮಂಡಿ ಒಪ್ಪುತ್ತಾ?

ಪ್ರಶ್ನೆ: ಕಾಲೇಜು ದಿನಗಳಲ್ಲಿ ನಾವು ಗೆಳೆಯರು ಮನಸ್ಸು ಬಂದಾಗೆಲ್ಲ ಕುಮಾರ ಪರ್ವತಕ್ಕೆ ಹೋಗಿ ಟೆಂಟ್ ಹಾಕಿ ಮಲಗಿ ಬರುತ್ತಿದ್ದೆವು. ಈಗ ಎಲ್ಲರಿಗೂ ನಲವತ್ತು ದಾಟಿದೆ. ಒಬ್ಬನಿಗೆ ಮಂಡಿ ನೋವು, ಇನ್ನೊಬ್ಬ ಮ್ಯಾರಥಾನ್ ಓಡುತ್ತಾನೆ. ಡಿಸೆಂಬರಿನಲ್ಲಿ ಎಲ್ಲರೂ ಸೇರಿ ಮತ್ತೆ ಹಾಗೇ ಹೋಗಬೇಕು ಅಂತ ಆಸೆ. ಆಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೋಗಿ ಸ್ವಾಮಿ, ಖಂಡಿತ ಹೋಗಿ. ಆದರೆ ಆ 'ಹಾಗೇ' ಅನ್ನೋದನ್ನ ಮನೆಯಲ್ಲೇ ಬಿಟ್ಟು ಹೋಗಿ.

ಮೊದಲು ಟೆಂಟಿನ ವಿಷಯ. ಬೆಟ್ಟದ ಮೇಲೆ ರಾತ್ರಿ ಉಳಿಯೋದಕ್ಕೆ ಈಗ ಬಿಡೋದಿಲ್ಲ. ಮನಸ್ಸು ಬಂದಾಗ ಹೋಗೋದೂ ಇಲ್ಲ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಇದೇ ದಾರಿಯಲ್ಲಿ ಜನ ಸಾಲುಗಟ್ಟಿ ನಿಂತ ಫೋಟೋ ನಿಮ್ಮ ಮೊಬೈಲಿಗೂ ಬಂದಿರುತ್ತೆ, ಅಲ್ವಾ? ಆಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ, ಅದೇ ವರ್ಷ ಅಕ್ಟೋಬರಿನಲ್ಲಿ ಆನ್‌ಲೈನ್ ಬುಕಿಂಗ್ ತಂದಿತು, ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟು. ಬೈದುಕೊಳ್ಳುವವರು ಇದ್ದಾರೆ, ನನಗಂತೂ ಸರಿ ಅನಿಸಿತು. ಶನಿವಾರ ಭಾನುವಾರ ಬಿಟ್ಟು ವಾರದ ಮಧ್ಯೆ ರಜೆ ಹಾಕಿ.

ಇನ್ನು ಮಂಡಿ. ಶಿಖರ 1,712 ಮೀಟರ್. ಕುಕ್ಕೆ ಕಡೆಯಿಂದ 1,500 ಮೀಟರಿಗೂ ಜಾಸ್ತಿ ಏರಬೇಕು, ಅದೇ ದಿನ ಇಳಿಯಲೂಬೇಕು. ಹತ್ತುವಾಗ ಸುಸ್ತಾಗೋದು ಉಸಿರು, ಮಂಡಿಗೆ ಏಟು ಬೀಳೋದು ಇಳಿಯುವಾಗ. ಬೇರು, ಸಡಿಲ ಕಲ್ಲು, ಅದರ ಮೇಲೆ ತರಗೆಲೆ, ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಒಂದೇ ಕಾಲಿನ ಮೇಲೆ. ಆ ಗೆಳೆಯರಿಗೆ ಎರಡು ಕೋಲು ಕೊಡಿ, ಒಂದು ಸಾಲದು. ಅವರ ಬ್ಯಾಗ್ ಮ್ಯಾರಥಾನ್ ಸಾಹೇಬರ ಹೆಗಲಿಗೆ ಹಾಕಿ, ಅವರ ಓಟಕ್ಕೂ ಸ್ವಲ್ಪ ಲಗಾಮು ಬೀಳುತ್ತೆ! ಡಾಕ್ಟರನ್ನು ಒಂದು ಮಾತು ಕೇಳೋದು ಒಳ್ಳೇದು.

ನನ್ನ ಸಲಹೆ ಕೇಳಿದರೆ ಶಿಖರದ ಹಟವೇ ಬೇಡ. ಹಿಂದಿನ ರಾತ್ರಿ ಕುಕ್ಕೆಯಲ್ಲಿ ಉಳಿದು ಬೆಳಗ್ಗೆ ಬೇಗ ಹೊರಡಿ. ದಾರಿ ಮಧ್ಯೆ ಸಿಗೋ ಗಿರಿಗದ್ದೆಯ ಭಟ್ಟರ ಮನೆವರೆಗೆ ಬರೀ ದಟ್ಟ ಕಾಡು, ಏನೂ ಕಾಣಿಸೋದಿಲ್ಲ, ಏರು ಮಾತ್ರ ಕಾಣುತ್ತೆ. ಅದು ದಾಟಿದ ಮೇಲೆ ಹುಲ್ಲುಗಾವಲು ತೆರೆದುಕೊಳ್ಳುತ್ತೆ, ನೆರಳು ಅಷ್ಟಕ್ಕೇ ಮುಗಿಯಿತು, ಟೋಪಿ ಬೇಕೇ ಬೇಕು. ಕಲ್ಲು ಮಂಟಪದವರೆಗೆ ಹೋಗಿ, ಬುತ್ತಿ ಬಿಚ್ಚಿ, ಹಳೇ ಕಥೆ ಹೇಳಿಕೊಂಡು ವಾಪಸ್ ಬನ್ನಿ. ಅಲ್ಲಿಂದ ಮೇಲೆ ಶೇಷ ಪರ್ವತ, ಅದು ದಾಟಿ ಶಿಖರ. ಯಾರಿಗಾದರೂ ಹೋಗಲೇಬೇಕು ಅನಿಸಿದರೆ ಬೇರೆ ಸಲ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ ಹತ್ತಲಿ, ಆ ದಾರಿ ಗಿಡ್ಡ. ಈ ಸಲ ನಿಧಾನ ನಡೆಯೋರೇ ಮುಂದೆ ಇರಲಿ. ಐದು ಜನ ಐದು ಕಡೆ ಬೆವರು ಸುರಿಸಿಕೊಂಡು ಹೋಗೋದಕ್ಕೆ ದಾವಣಗೆರೆಯಿಂದ ಅಷ್ಟು ದೂರ ಬರಬೇಕಾ?

ಪ್ರಶ್ನೆ: ಹಾಗೇ ಸಕಲೇಶಪುರದ ರೈಲು ಹಳಿ ಮೇಲೂ ಒಂದು ದಿನ ನಡೆಯಬಹುದಾ?

ಉತ್ತರ: ಬೇಡ. ಅದು ನಿಷೇಧ, ಸುರಂಗದೊಳಗೆ ರೈಲು ಬಂದರೆ ಸರಿಯೋದಕ್ಕೆ ಜಾಗ ಎಲ್ಲಿ? ಹಗಲಿನ ರೈಲಿಗೆ ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂತುಕೊಳ್ಳಿ, ಸುಬ್ರಹ್ಮಣ್ಯ ರೋಡ್ ಬರುವಷ್ಟರಲ್ಲಿ ಸುರಂಗ ಎಣಿಸಿ ಎಣಿಸಿ ಲೆಕ್ಕ ತಪ್ಪಿರುತ್ತೆ.