ಆ ಕಪ್ಪು ಪರದೆ ಯಾರದು?

ನಿವೃತ್ತ ಗಣಿತದ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಕರ್ನಾಟಕದ ಏಳು ಸ್ಮಾರ್ಟ್ ಸಿಟಿಗಳಲ್ಲಿ ಅವರದೂ ಒಂದು ಎಂದಷ್ಟೇ ಹೇಳಬಹುದು. ಪತ್ರದ ಸಾರ ಇದು: “ನಮ್ಮ ಬಡಾವಣೆಗೆ ಐದು ದಿನಕ್ಕೊಮ್ಮೆ ನೀರು. ಬಸ್ ಸ್ಟಾಪಿನಲ್ಲಿ ಮಾತ್ರ ದೊಡ್ಡ ಡಿಜಿಟಲ್ ಪರದೆ. ಅದೂ ಆರು ತಿಂಗಳಿಂದ ಕಪ್ಪಗೆ ಕೂತಿದೆ. ಪಾಲಿಕೆಯಲ್ಲಿ ಕೇಳಿದರೆ ‘ಅದು ಸ್ಮಾರ್ಟ್ ಸಿಟಿಯವರದು’ ಅನ್ನುತ್ತಾರೆ. ಸ್ಮಾರ್ಟ್ ಸಿಟಿ ಆಫೀಸಿನಲ್ಲಿ ‘ಹ್ಯಾಂಡೋವರ್ ಆಗಿದೆ, ಪಾಲಿಕೆಗೆ ಹೋಗಿ’ ಅನ್ನುತ್ತಾರೆ. ನಮ್ಮೂರಿಗೆ ಬಂದ ಸಾವಿರ ಕೋಟಿ ಎಲ್ಲಿ ಹೋಯಿತು?”

ಮೇಷ್ಟ್ರೇ, ನಮಸ್ಕಾರ.

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸಾವಿರ ಕೋಟಿ ಎನ್ನುವುದು ಗಾಳಿಮಾತಲ್ಲ. 2015ರ ಜೂನ್ 25ರಂದು ಸ್ಮಾರ್ಟ್ ಸಿಟಿ ಯೋಜನೆ ಶುರುವಾದಾಗ ಕೇಂದ್ರ ಸರ್ಕಾರ 100 ನಗರಗಳಿಗೆ 48 ಸಾವಿರ ಕೋಟಿ ರೂಪಾಯಿ ಎತ್ತಿಟ್ಟಿತ್ತು. ಒಂದು ನಗರಕ್ಕೆ ಸುಮಾರು 500 ಕೋಟಿ. ಅಷ್ಟೇ ಹಣವನ್ನು ರಾಜ್ಯ ಮತ್ತು ಪಾಲಿಕೆ ಸೇರಿ ಹಾಕಬೇಕಿತ್ತು. ಕೇಳಲು ದೊಡ್ಡ ಮೊತ್ತವೇ. ಆದರೆ ಲೆಕ್ಕ ನಿಮ್ಮ ಕೈಯಲ್ಲೇ ಮಾಡಿಸುತ್ತೇನೆ. ಐದು ಲಕ್ಷ ಜನರ ಊರಿಗೆ ಅದನ್ನು ಹಂಚಿದರೆ ತಲೆಗೆ 20 ಸಾವಿರ. ಐದು ವರ್ಷದ ಯೋಜನೆ ಎಳೆದು ಎಳೆದು 2025ರ ಮಾರ್ಚ್‌ವರೆಗೆ ಬಂತು. ಅಂದರೆ ತಲೆಗೆ ವರ್ಷಕ್ಕೆ ಎರಡು ಸಾವಿರ! ಇಷ್ಟರಲ್ಲಿ ಊರಿಗೆ ಊರೇ ಬದಲಾಗುತ್ತದೆ ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದು ಭಾಷಣ, ಬಜೆಟ್ ಅಲ್ಲ.

ಅಸಲಿಗೆ ಊರಿಗೆ ಊರೇ ಬದಲಾಯಿಸುವುದು ಯೋಜನೆಯ ಉದ್ದೇಶವೂ ಆಗಿರಲಿಲ್ಲ. ಇದನ್ನೇ ಯಾರೂ ಜನರಿಗೆ ಬಿಡಿಸಿ ಹೇಳಲಿಲ್ಲ. ಊರಿನ ಒಂದು ಭಾಗವನ್ನು ಆರಿಸಿಕೊಳ್ಳಿ, ಹಣದ ದೊಡ್ಡ ಪಾಲನ್ನು ಅಲ್ಲೇ ಸುರಿದು ಮಾದರಿ ಮಾಡಿ, ಉಳಿದ ಊರು ಅದನ್ನು ನೋಡಿ ಕಲಿಯಲಿ ಎಂಬ ಲೆಕ್ಕಾಚಾರ ಅದು. ಇರುವ ಪ್ರದೇಶವನ್ನೇ ಸುಧಾರಿಸುವುದಾದರೆ 500 ಎಕರೆಗಿಂತ ಜಾಸ್ತಿ ಜಾಗ ಆರಿಸಬೇಕು ಎಂದು ಮಾರ್ಗಸೂಚಿಯಲ್ಲಿತ್ತು. ಪುಣೆಯವರು ಔಂಧ್, ಬಾಣೇರ್, ಬಾಲೇವಾಡಿ ಆರಿಸಿಕೊಂಡರು. ಮೊದಲೇ ಚೆನ್ನಾಗಿದ್ದ ಏರಿಯಾ ಅದು! ಬೆಂಗಳೂರಿನಲ್ಲಿ ಇನ್‌ಫೆಂಟ್ರಿ ರಸ್ತೆ, ಕಮರ್ಷಿಯಲ್ ಸ್ಟ್ರೀಟ್‌ನಂಥ ನಡು ಊರಿನ ಬೀದಿಗಳಿಗೆ ಹೊಸ ಫುಟ್‌ಪಾತ್ ಬಂತು. ಮಂಗಳೂರಿನ ಹಂಪನಕಟ್ಟೆಯಲ್ಲಿ ಗಡಿಯಾರ ಗೋಪುರ ಮತ್ತೆ ಎದ್ದಿತು. ಶಿವಮೊಗ್ಗದಲ್ಲಿ ತುಂಗೆಯ ದಡ ಹೊಸ ರೂಪ ಕಂಡಿತು, ಕಸ ತುಂಬಿದ್ದ ಕನ್ಸರ್ವೆನ್ಸಿ ಗಲ್ಲಿಗಳು, ಅಂದರೆ ಮನೆಗಳ ಹಿಂಬದಿಯ ಕಿರುದಾರಿಗಳು, ಓಡಾಡುವಂತಾದವು. ಈ ಗಲ್ಲಿಗಳ ಕೆಲಸ ನನಗೆ ನಿಜಕ್ಕೂ ಇಷ್ಟ. ದುಡ್ಡು ಕಡಿಮೆ, ಉಪಯೋಗ ಜಾಸ್ತಿ. ಗಡಿಯಾರ ಗೋಪುರದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಮಂಗಳೂರಿನ ಗೆಳೆಯರು ಬೈದುಕೊಳ್ಳಲಿ.

ನಿಮ್ಮ ಬಡಾವಣೆ ಆ ನಕ್ಷೆಯ ಗೆರೆಯ ಆಚೆ ಇದ್ದಿರಬೇಕು. ಇನ್ನು ನೀರಿನ ವಿಷಯ. ಸ್ಮಾರ್ಟ್ ಸಿಟಿ ಶುರುವಾದ ದಿನವೇ 500 ಊರುಗಳಿಗೆಂದು ‘ಅಮೃತ್’ ಎಂಬ ಇನ್ನೊಂದು ಯೋಜನೆಯೂ ಶುರುವಾಯಿತು. ನಲ್ಲಿ, ಒಳಚರಂಡಿಯೆಲ್ಲ ಹೆಚ್ಚಾಗಿ ಅದರ ಪಾಲಿಗೆ ಹೋಯಿತು. ಹಾಗಾಗಿ ನೀರಿಗೆ ಒಂದು ಬಾಗಿಲು, ಪರದೆಗೆ ಇನ್ನೊಂದು ಬಾಗಿಲು. ನಿಮ್ಮಂಥವರು ಎರಡು ಬಾಗಿಲ ನಡುವೆ ಚಪ್ಪಲಿ ಸವೆಸುತ್ತೀರಿ.

ನಗರಗಳನ್ನು ಆರಿಸಿದ್ದು ಸ್ಪರ್ಧೆ ಇಟ್ಟು. ನಿಮಗೆ ಗೊತ್ತಿರುವ ಪರೀಕ್ಷೆಯಂತೆಯೇ. 2016ರ ಜನವರಿಯಲ್ಲಿ ಮೊದಲ ಪಟ್ಟಿ ಬಂದಾಗ 20 ನಗರ ಪಾಸಾದವು. ಭುವನೇಶ್ವರ ಫಸ್ಟು. ನಮ್ಮ ದಾವಣಗೆರೆ, ಬೆಳಗಾವಿ ಅದೇ ಪಟ್ಟಿಯಲ್ಲಿದ್ದವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು ಸೇರಿದವು. ಐಟಿ ರಾಜಧಾನಿ ಬೆಂಗಳೂರಿಗೆ ಪಾಸಾಗಲು 2017ರ ಜೂನ್ ಬೇಕಾಯಿತು! ಆದರೆ ಉತ್ತರ ಪತ್ರಿಕೆ ಬರೆದವರಲ್ಲಿ ಹೊರಗಿನ ಕನ್ಸಲ್ಟೆಂಟ್‌ಗಳೇ ಜಾಸ್ತಿ. ಊರಿನವರಿಂದ ಆನ್‌ಲೈನಿನಲ್ಲಿ ಅಭಿಪ್ರಾಯ ಕೇಳಿದ್ದು ಹೌದು. ಐದು ದಿನಕ್ಕೊಮ್ಮೆ ನೀರು ಹಿಡಿಯುವ ಮನೆಯವರಲ್ಲಿ ಎಷ್ಟು ಜನ ಕಂಪ್ಯೂಟರ್ ಮುಂದೆ ಕೂತಿದ್ದರೋ!

ಈಗ ಆ ಕಪ್ಪು ಪರದೆಗೆ ಬರೋಣ. ನನ್ನ ಪ್ರಕಾರ ನಿಮ್ಮ ಪತ್ರದ ಅಸಲು ಪ್ರಶ್ನೆ ಅದೇ.

ಸ್ಮಾರ್ಟ್ ಸಿಟಿ ಕೆಲಸ ಮಾಡಿದ್ದು ಪಾಲಿಕೆಯಲ್ಲ, ಒಂದು ಕಂಪನಿ. ಪ್ರತಿ ನಗರಕ್ಕೂ ಕಂಪನಿ ಕಾಯ್ದೆಯಡಿ ಒಂದೊಂದು ಕಂಪನಿ ಹುಟ್ಟಿತು. ಅದರಲ್ಲಿ ರಾಜ್ಯ ಸರ್ಕಾರ ಮತ್ತು ಪಾಲಿಕೆಗೆ ಸಮಪಾಲು. ಟೆಂಡರ್ ಅದರದು, ಬ್ಯಾಂಕ್ ಖಾತೆ ಅದರದು, ನಡೆಸುವವರು ಅಧಿಕಾರಿಗಳು. ಈ ಯೋಜನೆಯ ಮಟ್ಟಿಗೆ ಪಾಲಿಕೆ ಕೌನ್ಸಿಲ್ಲಿನ ಅಧಿಕಾರವನ್ನು ಕಂಪನಿಗೇ ಬಿಟ್ಟುಕೊಡಿ ಎಂದು ಕೇಂದ್ರದ ಮಾರ್ಗಸೂಚಿಯೇ ರಾಜ್ಯಗಳಿಗೆ ಹೇಳಿತ್ತು. ಕಾರಣ ಸುಮ್ನೆ ಅಲ್ಲ. ಪಾಲಿಕೆಗಳಲ್ಲಿ ಎಂಜಿನಿಯರ್‌ಗಳು ಸಾಲದು, ಫೈಲು ಮುಂದೆ ಹೋಗದು, ಒಂದು ಚರಂಡಿಗೆ ಮೂರು ಮೀಟಿಂಗು. ಕಂಪನಿಯಾದರೆ ಬೇಗ ಆಗುತ್ತದೆ ಎಂಬ ಆಸೆ. ಕೆಲವು ಕಡೆ ಆಗಿಯೂ ಆಯಿತು. ಊರಿನ ಕ್ಯಾಮೆರಾಗಳನ್ನೆಲ್ಲ ಒಂದೇ ಕಡೆ ಕೂತು ನೋಡುವ ಕಮಾಂಡ್ ಸೆಂಟರ್‌ಗಳು ಎಲ್ಲ 100 ನಗರಗಳಲ್ಲೂ ಬಂದಿವೆ. ಕೋವಿಡ್ ಕಾಲದಲ್ಲಿ ಎಷ್ಟೋ ಊರುಗಳಿಗೆ ಅವೇ ವಾರ್ ರೂಮ್ ಆದವು. ಅದನ್ನು ಮರೆಯಬಾರದು.

ಆದರೆ ಕಟ್ಟುವುದು ಒಂದು ಸಲದ ಖರ್ಚು, ಸಾಕುವುದು ದಿನದ ಖರ್ಚು. ಪರದೆಗೆ ಕರೆಂಟು ಬೇಕು, ಇಂಟರ್ನೆಟ್ ಬೇಕು, ಕೆಟ್ಟರೆ ರಿಪೇರಿಗೆ ಜನ ಬೇಕು. ಪಾಲಿಕೆ ಅದನ್ನು ಕೇಳಿ ತರಿಸಿಕೊಂಡಿದ್ದಲ್ಲ. ಅದರ ಬಜೆಟ್ಟಿನಲ್ಲಿ ಆ ಪರದೆಗೆ ಒಂದು ಸಾಲೂ ಇಲ್ಲದಿರಬಹುದು. ಮದುವೆಗೆ ಯಾರೋ ದೊಡ್ಡವರು ಆನೆ ಉಡುಗೊರೆ ಕೊಟ್ಟು ಹೋದ ಹಾಗೆ. ಮಾವುತ ಯಾರು, ಕಬ್ಬು ಎಲ್ಲಿಂದ?

ಕಳೆದ ವರ್ಷ ಒಂದು ಕಮಾಂಡ್ ಸೆಂಟರ್ ನೋಡಲು ಹೋಗಿದ್ದೆ. ಗೋಡೆ ತುಂಬ ಪರದೆಗಳು, ಏಸಿ ತಣ್ಣಗಿತ್ತು. ಒಂದು ಪರದೆಯಲ್ಲಿ ತುಂಬಿ ಚೆಲ್ಲುತ್ತಿದ್ದ ಕಸದ ರಾಶಿ ಸ್ಪಷ್ಟವಾಗಿ ಕಾಣುತ್ತಿತ್ತು. “ಇದನ್ನು ನೋಡಿದ ಮೇಲೆ ಏನು ಮಾಡುತ್ತೀರಿ?” ಎಂದೆ. “ಪಾಲಿಕೆಗೆ ಮೆಸೇಜ್ ಹಾಕ್ತೀವಿ ಸಾರ್” ಎಂದ ಹುಡುಗ. ನಾನು ವಾಪಸ್ ಹೊರಡುವಾಗಲೂ ರಾಶಿ ಅಲ್ಲೇ ಇತ್ತು. ಹುಡುಗನದೇನೂ ತಪ್ಪಿಲ್ಲ, ಅಲ್ವಾ? ಅವನ ಕಣ್ಣು ಒಂದು ಕಡೆ, ಕಸ ಎತ್ತುವ ಕೈ ಇನ್ನೊಂದು ಕಡೆ.

ಸಾವಿರ ಕೋಟಿಯಲ್ಲಿ ಯಾರಾದರೂ ತಿಂದರೇ ಎಂದು ಪತ್ರದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೀರಿ. ದಾಖಲೆ ಇಲ್ಲದೆ ನಾನು ಹಾಗೆ ಬರೆಯಲಾರೆ. ದಾಖಲೆ ತರಿಸಿಕೊಳ್ಳುವ ದಾರಿ ಮಾತ್ರ ಇದೆ. ಕಂಪನಿ ಎಂದರೂ ಅದು ಸರ್ಕಾರದ್ದೇ, ಮಾಹಿತಿ ಹಕ್ಕು ಕಾಯ್ದೆಯೊಳಗೆ ಬರುತ್ತದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಸಾವಿರ ಕೋಟಿಯ ಲೆಕ್ಕವನ್ನೆಲ್ಲ ಒಟ್ಟಿಗೆ ಕೇಳಬೇಡಿ, ಸಿಗುವುದಿಲ್ಲ. ಬಸ್ ಸ್ಟಾಪಿನ ಪರದೆಗಳನ್ನು ಪಾಲಿಕೆಗೆ ಹಸ್ತಾಂತರಿಸಿದ ಪತ್ರದ ಪ್ರತಿ ಕೇಳಿ. ಅವುಗಳ ನಿರ್ವಹಣೆ ಗುತ್ತಿಗೆ ಯಾರಿಗೆ, ಯಾವ ತಾರೀಕಿನವರೆಗೆ ಎಂದು ಕೇಳಿ. ಅಷ್ಟೇ. ಗುತ್ತಿಗೆಯ ಅವಧಿ ಇನ್ನೂ ಇದ್ದರೆ ಗುತ್ತಿಗೆದಾರನೇ ರಿಪೇರಿ ಮಾಡಬೇಕು. ಮುಗಿದಿದ್ದರೆ ಅದು ಪಾಲಿಕೆಯ ತಲೆಗೆ ಬಂತು. ಆಗ ನಿಮ್ಮ ವಾರ್ಡಿನ ಸದಸ್ಯರನ್ನು ಹಿಡಿದು ಬಜೆಟ್ ಸಭೆಯಲ್ಲಿ ಕೇಳಿಸಬೇಕು. ಚುನಾವಣೆ ನಡೆಯದೆ ಸದಸ್ಯರೇ ಇಲ್ಲದಿದ್ದರೆ ಪಾಲಿಕೆ ಆಯುಕ್ತರಿಗೆ ಬರೆಯಿರಿ.

30 ದಿನದೊಳಗೆ ಉತ್ತರ ಬರಬೇಕು. ಬರದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೇಲ್ಮನವಿ ಹಾಕಬಹುದು. ಬಂದರೆ ನಮಗೂ ಒಂದು ಜೆರಾಕ್ಸ್ ಕಳಿಸಿ. ನಿಮ್ಮ ಹೆಸರು ಇಲ್ಲದೆಯೇ ಅಚ್ಚು ಹಾಕುತ್ತೇವೆ.

– ಸಂಪಾದಕ