ಕೌನ್ಸಿಲ್‌ಗಳ ನೆಟ್ ಝೀರೋ ಮಾತು ನಿಜಾನಾ ಅಂತ ಹೇಗೆ ನೋಡೋದು? ಬಜೆಟ್ ತೆಗೀರಿ

ನೀವು ಕೇಳಿರೋದು ಇದು: "ಬ್ರಿಟನ್ನಿನ ಕೌನ್ಸಿಲ್‌ಗಳು, ಆಸ್ಪತ್ರೆಗಳು, ಸರ್ಕಾರಿ ಸಂಸ್ಥೆಗಳು ಎಲ್ಲಾ 2030ಕ್ಕೆ ನೆಟ್ ಝೀರೋ, 2040ಕ್ಕೆ ನೆಟ್ ಝೀರೋ ಅಂತ ಹೇಳ್ಕೊಂಡಿವೆ, ಇವು ಮಾತು ಉಳಿಸ್ಕೊಳ್ತಿದಾವಾ ಇಲ್ವಾ ಅಂತ ನಮ್ಮಂಥೋರು ತಿಳ್ಕೊಳ್ಳೋದು ಹೇಗೆ?"

ಕೌನ್ಸಿಲ್ ಅಂದ್ರೆ ಅಲ್ಲಿನ ನಗರಸಭೆ ಥರದ ಸ್ಥಳೀಯ ಸಂಸ್ಥೆ. ನೆಟ್ ಝೀರೋ ಅಂದ್ರೆ ಭೂಮಿನ ಬಿಸಿ ಮಾಡೋ ಅನಿಲಗಳನ್ನ (ಇಲ್ಲಿ ಇಂಗಾಲ, ಹೊಗೆ ಅನ್ನೋದು ಅವನ್ನೇ) ಆದಷ್ಟು ಇಳಿಸಿ, ಉಳಿದಿದ್ದನ್ನ ಬೇರೆ ಕಡೆ ಹೀರಿಸಿ ಲೆಕ್ಕ ಸೊನ್ನೆ ಮಾಡೋದು. ಈ ಸಂಸ್ಥೆಗಳ ಹವಾಮಾನ ವರದಿಗಳ ಅಂಕಿಗಳನ್ನ ತಾಳೆ ನೋಡೋ ಕೆಲ್ಸದಲ್ಲಿ ಕೆಲವು ವರ್ಷ ಇದ್ದೆ, ಆ ಅನುಭವದ ಮೇಲೆ ಹೇಳ್ತೀನಿ. ಮುಖಪುಟದಲ್ಲಿ ಗಿಡ ಮರ, ಗಾಳಿಯಂತ್ರದ ಫೋಟೋ ಇರೋ ಕ್ಲೈಮೇಟ್ ಪ್ಲಾನ್ ಇರತ್ತಲ್ಲ, ಅದನ್ನ ಸದ್ಯಕ್ಕೆ ಪಕ್ಕಕ್ಕಿಡಿ. ಆ ಸಂಸ್ಥೆಯ ಬಜೆಟ್ ತೆಗೀರಿ, ಅದ್ರಲ್ಲೂ ಕಟ್ಟಡ ರಿಪೇರಿ ಮತ್ತೆ ವಾಹನ ಖರೀದಿಗೆ ಮುಂದಿನ ಮೂರ್ನಾಕು ವರ್ಷಕ್ಕೆ ಎಷ್ಟು ದುಡ್ಡು ತೆಗ್ದಿಟ್ಟಿದಾರೆ ಅಂತ ನೋಡಿ. ಅಲ್ಲಿ ಏನೂ ಇಲ್ಲ ಅಂದ್ರೆ ಪ್ಲಾನಲ್ಲಿ ಏನು ಬರ್ದಿದ್ರೂ ಬಾಯಿಮಾತೇ.

ಯಾಕಂದ್ರೆ ಘೋಷಣೆ ಮಾಡೋಕೆ ಖರ್ಚಿಲ್ಲ. ಕ್ಲೈಮೇಟ್ ಎಮರ್ಜೆನ್ಸಿ (ಹವಾಮಾನ ತುರ್ತುಸ್ಥಿತಿ) ಅಂತ ಮೊದಲು ಘೋಷಿಸಿದ್ದು ಆಸ್ಟ್ರೇಲಿಯಾದ ಮೆಲ್ಬರ್ನ್ ಹತ್ರದ ಡ್ಯಾರೆಬಿನ್ ಕೌನ್ಸಿಲ್, 2016ರ ಡಿಸೆಂಬರಲ್ಲಿ. ಬ್ರಿಟನ್ನಲ್ಲಿ ಮೊದಲು ಮಾಡಿದ್ದು ಬ್ರಿಸ್ಟಲ್, 2018ರ ನವೆಂಬರಲ್ಲಿ, ಗುರಿ 2030. ಅದಾದ್ಮೇಲೆ ನಾ ಮುಂದು ತಾ ಮುಂದು ಅಂತ 300ಕ್ಕೂ ಹೆಚ್ಚು ಕೌನ್ಸಿಲ್‌ಗಳು ಘೋಷಣೆ ಮಾಡಿದ್ವು. ಒಂದು ಸಂಜೆ ಸಭೆಯಲ್ಲಿ ನಿರ್ಣಯ ಮಂಡಿಸಿ ಕೈ ಎತ್ತಿದ್ರೆ ಮುಗೀತು. ಮಂಡಿಸಿದೋರು 2030ರ ಹೊತ್ತಿಗೆ ಆ ಕುರ್ಚಿಯಲ್ಲಿ ಇರಲ್ಲ ಅನ್ನೋದೂ ಎಲ್ರಿಗೂ ಗೊತ್ತು.

ಕಾನೂನು ಏನು ಹೇಳತ್ತೆ ಅಂತ ಕೇಳ್ತೀರಾ, ಅದು ನೀವು ಎಲ್ಲಿಯ ಸಂಸ್ಥೆ ನೋಡ್ತಿದೀರಾ ಅನ್ನೋದರ ಮೇಲೆ ಇದೆ. ಸ್ಕಾಟ್ಲೆಂಡಲ್ಲಿ 2009ರ ಹವಾಮಾನ ಕಾಯ್ದೆ ಪ್ರಕಾರ ಸಾರ್ವಜನಿಕ ಸಂಸ್ಥೆಗಳಿಗೆ 2011ರಿಂದ ಕರ್ತವ್ಯ ಅಂತಾನೇ ಇದೆ, ದೊಡ್ಡ ಸಂಸ್ಥೆಗಳು ಪ್ರತಿ ವರ್ಷ ನವೆಂಬರ್ 30ರೊಳಗೆ ವರದಿ ಕೊಡ್ಲೇಬೇಕು. ಇಂಗ್ಲೆಂಡಲ್ಲಿ ಕೌನ್ಸಿಲ್‌ಗೆ ಹೊಗೆ ಕಡಿಮೆ ಮಾಡು ಅನ್ನೋ ಅಂಥ ನೇರ ಕಡ್ಡಾಯ ಇಲ್ಲ, ತಾವೇ ಹೇಳ್ಕೊಂಡಿದ್ದು, ತಾವೇ ಅಳೆಯೋದು, ತಾವೇ ಮಾರ್ಕ್ಸ್ ಹಾಕ್ಕೊಳ್ಳೋದು. ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2021ರಲ್ಲೇ ಹೇಳಿತ್ತು, ಸ್ಥಳೀಯ ಸಂಸ್ಥೆಗಳ ಪಾತ್ರ ಏನು ಅಂತಾನೇ ಸ್ಪಷ್ಟ ಇಲ್ಲ, ದುಡ್ಡು ತುಂಡು ತುಂಡಾಗಿ ಬರ್ತಿದೆ, ಯಾರು ಯಾರಿಗೆ ಉತ್ತರ ಕೊಡ್ಬೇಕು ಅನ್ನೋದೂ ಚದುರಿಹೋಗಿದೆ ಅಂತ.

ಈಗ ಅಂಕಿಗಳಿಗೆ ಬರೋಣ, ಜನ ಮೋಸ ಹೋಗೋದು ಇಲ್ಲೇ. (ಮೋಸ ಅಂದ್ನಲ್ಲ, ಬಹಳ ಸಲ ಯಾರೂ ಬೇಕಂತ ಮಾಡಿರಲ್ಲ, ಅಂಕಿ ಚೆನ್ನಾಗಿ ಕಾಣ್ತಿದ್ದಾಗ ಯಾರೂ ಕೆದಕೋಕೆ ಹೋಗಲ್ಲ ಅಷ್ಟೇ.)

ವರದಿಯಲ್ಲಿ "ನಮ್ಮ ವಿದ್ಯುತ್ತಿನ ಇಂಗಾಲ ಹತ್ತು ವರ್ಷದಲ್ಲಿ ಅರ್ಧಕ್ಕಿಂತ ಕಡಿಮೆ ಆಗಿದೆ" ಅಂತ ಇರತ್ತೆ. ಓದಿದ ತಕ್ಷಣ ಭೇಷ್ ಅನ್ಸತ್ತೆ. ಆದ್ರೆ ಬ್ರಿಟನ್ ಸರ್ಕಾರ ಪ್ರತಿ ವರ್ಷ ಒಂದು ಯೂನಿಟ್ ಕರೆಂಟಿಗೆ ಎಷ್ಟು ಇಂಗಾಲ ಅಂತ ಲೆಕ್ಕ ಕೊಡತ್ತೆ, 2014ರಲ್ಲಿ ಅದು ಸುಮಾರು 0.494 ಕೆಜಿ ಇತ್ತು, 2023ಕ್ಕೆ 0.207 ಕೆಜಿ ಆಯ್ತು, ಕಲ್ಲಿದ್ದಲು ಹೋಗಿ ಗಾಳಿ, ಸೋಲಾರ್ ಬಂತಲ್ಲ ಅದಕ್ಕೆ. ಅಂದ್ರೆ ವರ್ಷಕ್ಕೆ 10 ಲಕ್ಷ ಯೂನಿಟ್ ಉರಿಸೋ ಸಂಸ್ಥೆ ಒಂದು ಬಲ್ಬೂ ಬದಲಾಯಿಸ್ದೆ ಸುಮ್ನೆ ಕೂತಿದ್ರೂ ಕಾಗದದ ಮೇಲೆ 494 ಟನ್ ಇದ್ದಿದ್ದು 207 ಟನ್‌ಗೆ ಇಳಿಯತ್ತೆ! ಕೆಲ್ಸ ಮಾಡಿದ್ದು ವಿದ್ಯುತ್ ಜಾಲ, ಬೆನ್ನು ತಟ್ಕೊಂಡಿದ್ದು ಕೌನ್ಸಿಲ್ಲು. ಅದಕ್ಕೇ ಟನ್ ಲೆಕ್ಕದ ಪಕ್ಕದಲ್ಲಿ ಯೂನಿಟ್ ಲೆಕ್ಕ ಇದ್ಯಾ ಅಂತ ಹುಡುಕಿ. ಯೂನಿಟ್ಟೂ ಇಳಿದಿದ್ರೆ ಯಾರೋ ನಿಜವಾಗ್ಲೂ ಕೆಲ್ಸ ಮಾಡಿದಾರೆ ಅಂತ ಅರ್ಥ. ಗ್ಯಾಸಿನ ಸಾಲು ಇನ್ನೂ ಒಳ್ಳೇದು, ಯಾಕಂದ್ರೆ ಒಂದು ಯೂನಿಟ್ ಗ್ಯಾಸ್ ಸುಟ್ರೆ ಬರೋ ಇಂಗಾಲ ಅವತ್ತೂ ಅಷ್ಟೇ ಇವತ್ತೂ ಅಷ್ಟೇ, ಆ ಸಾಲು ತಾನಾಗೇ ಇಳಿಯಲ್ಲ.

ಇನ್ನೊಂದು, ಯಾವುದನ್ನ ಎಣಿಸಿದಾರೆ ಅನ್ನೋದು. ಬ್ರಿಟನ್ನಿನ ಹವಾಮಾನ ಬದಲಾವಣೆ ಸಮಿತಿ ಅಂದಾಜು ಮಾಡಿರೋ ಪ್ರಕಾರ ಒಂದು ಪ್ರದೇಶದ ಒಟ್ಟು ಹೊಗೆಯಲ್ಲಿ ಕೌನ್ಸಿಲ್ ನೇರವಾಗಿ ಉಗುಳೋದು ಬರೀ 2ರಿಂದ 5 ಪರ್ಸೆಂಟು, ಆದ್ರೆ ಯೋಜನಾ ಅನುಮತಿ, ರಸ್ತೆ, ವಸತಿ, ಕಸ ಇದ್ರ ಮೂಲಕ ಪ್ರಭಾವ ಬೀರಬಹುದಾದದ್ದು ಸುಮಾರು ಮೂರನೇ ಒಂದು ಭಾಗ. "2030ಕ್ಕೆ ನೆಟ್ ಝೀರೋ" ಅಂದಾಗ ಆ 2–5 ಪರ್ಸೆಂಟಿನ ಮಾತಾ ಇಡೀ ಊರಿನ ಮಾತಾ ಅಂತ ಮೊದಲು ನೋಡಿ, ಎರಡಕ್ಕೂ ಅಜಗಜಾಂತರ. ಕಸದ ಲಾರಿಗಳನ್ನ ಗುತ್ತಿಗೆದಾರರಿಗೆ ಕೊಟ್ಟುಬಿಟ್ರೆ ಆ ಡೀಸೆಲ್ ಸಂಸ್ಥೆಯ ಸ್ವಂತ ಲೆಕ್ಕದಿಂದ ಜಾರಿ ಸ್ಕೋಪ್ 3 ಅನ್ನೋ ಪಟ್ಟಿಗೆ (ಸಂಸ್ಥೆಗೋಸ್ಕರ ಬೇರೆಯವರು ಬಿಡೋ ಹೊಗೆಯ ಲೆಕ್ಕ) ಹೋಗತ್ತೆ, ಆ ಪಟ್ಟಿನ ಪೂರ್ತಿ ಎಣಿಸೋರು ಕಡಿಮೆ. ಲಾರಿ ಅದೇ, ಬೀದಿ ಅದೇ, ಹೊಗೆನೂ ಅದೇ. ಆ ಪಟ್ಟಿ ಎಷ್ಟು ದೊಡ್ಡದು ಅನ್ನೋಕೆ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ನೋಡಿ, ಅವ್ರು ಪೂರ್ತಿ ಎಣಿಸಿದಾಗ ಸುಮಾರು 62 ಪರ್ಸೆಂಟ್ ಇಂಗಾಲ ಬಂದಿದ್ದು ಕೊಂಡುಕೊಳ್ಳೋ ಔಷಧಿ, ಉಪಕರಣ, ಸಾಮಾನುಗಳ ಪೂರೈಕೆಯಿಂದ.

ಇನ್ನು ಬಜೆಟ್ಟು ಯಾಕೆ ಅಂದ್ನಲ್ಲ, ಅದನ್ನ ಒಂದು ಬಾಯ್ಲರ್ ಇಟ್ಕೊಂಡು ಹೇಳ್ತೀನಿ. ಒಂದು ಹಳೇ ಕಚೇರಿ ಕಟ್ಟಡ ಅಂದ್ಕೊಳ್ಳಿ, ನೆಲಮಾಳಿಗೆಯಲ್ಲಿ ಇಪ್ಪತ್ತು ವರ್ಷದ ಗ್ಯಾಸ್ ಬಾಯ್ಲರ್, ಗೋಡೆಗಳಿಗೆ ಇನ್ಸುಲೇಷನ್ ಇಲ್ಲ, ರೇಡಿಯೇಟರ್‌ಗಳು (ಕೋಣೆ ಬೆಚ್ಚಗಿಡೋಕೆ ಒಳಗೆ ಬಿಸಿನೀರು ಹರಿಯೋ ಪೆಟ್ಟಿಗೆಗಳು) 70–80 ಡಿಗ್ರಿ ಬಿಸಿನೀರು ಹರಿಯತ್ತೆ ಅಂತ ಲೆಕ್ಕ ಹಾಕಿ ಕೂರಿಸಿರೋವು. ಜನವರಿ ಚಳಿಯಲ್ಲಿ ಬಾಯ್ಲರ್ ಕೈ ಕೊಡತ್ತೆ. ಹೀಟ್ ಪಂಪ್ (ಹೊರಗಿನ ಶಾಖ ಎಳ್ಕೊಂಡು ಒಳಗೆ ತರೋ, ಕರೆಂಟಲ್ಲಿ ಓಡೋ ಯಂತ್ರ) ಹಾಕೋಣ ಅಂದ್ರೆ ಅದು ಚೆನ್ನಾಗಿ ಓಡೋದು ನೀರು 45–55 ಡಿಗ್ರಿ ಇದ್ದಾಗ, ಅದಕ್ಕೆ ರೇಡಿಯೇಟರ್ ದೊಡ್ಡದು ಬೇಕು, ಗೋಡೆ ಕೆಲ್ಸ ಆಗ್ಬೇಕು, ಕೆಲವು ಕಡೆ ಕರೆಂಟ್ ಕನೆಕ್ಷನ್ನೇ ದೊಡ್ಡದು ಮಾಡಿಸ್ಬೇಕು, ಅದಕ್ಕೆ ಸರ್ವೆ, ಡಿಸೈನ್, ಟೆಂಡರ್ ಎಲ್ಲಾ ಸೇರಿ ತಿಂಗಳುಗಟ್ಟಲೆ. ಒಳಗೆ ಜನ ಕೋಟ್ ಹಾಕ್ಕೊಂಡು ಕೂತಿದಾರೆ. ಮ್ಯಾನೇಜರ್ ಏನ್ ಮಾಡ್ತಾನೆ? ಅಂಥದ್ದೇ ಇನ್ನೊಂದು ಗ್ಯಾಸ್ ಬಾಯ್ಲರ್ ತರಿಸಿ ಹತ್ತೇ ದಿನದಲ್ಲಿ ಹಾಕಿಸ್ತಾನೆ, ನಾನಿದ್ರೂ ಅದನ್ನೇ ಮಾಡ್ತಿದ್ದೆ. ಆ ಬಾಯ್ಲರ್ ಇನ್ನು ಹದಿನೈದು ಇಪ್ಪತ್ತು ವರ್ಷ ಉರಿಯತ್ತೆ. 2030ರ ಗುರಿ ಆ ಕಟ್ಟಡದ ಮಟ್ಟಿಗೆ ಆ ಜನವರಿಯಲ್ಲೇ ಮುಗೀತು, ಯಾವ ಸಭೆಯಲ್ಲೂ ಚರ್ಚೆ ಆಗ್ಲಿಲ್ಲ, ಯಾರೂ ವಿರೋಧ ಮಾಡ್ಲಿಲ್ಲ, ರಿಪೇರಿ ಬಿಲ್ಲಿನಲ್ಲಿ ಒಂದು ಸಾಲು ಅಷ್ಟೇ.

ಇದನ್ನ ತಪ್ಪಿಸೋಕೆ ಬಾಯ್ಲರ್ ಕೆಡೋಕೆ ಎರಡು ಮೂರು ವರ್ಷ ಮುಂಚೇನೇ ಸರ್ವೆ ಮಾಡ್ಸಿ ದುಡ್ಡು ಎತ್ತಿಡ್ಬೇಕು. ಜೊತೆಗೆ ಇನ್ನೊಂದು ತಲೆನೋವು, ಬ್ರಿಟನ್ನಲ್ಲಿ ಒಂದು ಯೂನಿಟ್ ಕರೆಂಟು ಒಂದು ಯೂನಿಟ್ ಗ್ಯಾಸಿಗಿಂತ ಮೂರ್ನಾಕು ಪಟ್ಟು ದುಬಾರಿ. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಕೊಡತ್ತೆ, ಸರಿ, ಆದ್ರೆ ಬೆಲೆ ವ್ಯತ್ಯಾಸ ಆ ಲಾಭನೆಲ್ಲ ನುಂಗಿಹಾಕತ್ತೆ, ಅಂದ್ರೆ ಇಷ್ಟೆಲ್ಲಾ ಖರ್ಚು ಮಾಡಿದ್ಮೇಲೂ ಬಿಲ್ ಇಳಿಯತ್ತೆ ಅನ್ನೋ ಗ್ಯಾರಂಟಿ ಇಲ್ಲ. ಎಲ್‌ಇಡಿ ಬೀದಿದೀಪ ಎಲ್ರೂ ಮೊದಲು ಹಾಕ್ಸಿದ್ದು ಯಾಕೆ ಅಂದ್ರೆ ಅದು ಕರೆಂಟ್ ಬಿಲ್ಲನ್ನೇ ಇಳಿಸಿ ಹಾಕಿದ ದುಡ್ಡು ವಾಪಸ್ ಕೊಡತ್ತೆ. ಸುಲಭದ್ದೆಲ್ಲ ಮುಗಿದು ಈಗ ಉಳಿದಿರೋದು ಕಟ್ಟಡದ ಶಾಖ, ಅದು ದುಡ್ಡು ವಾಪಸ್ ಕೊಡಲ್ಲ. ಕೇಂದ್ರ ಸರ್ಕಾರ 2020ರಲ್ಲಿ ಇದಕ್ಕೇ ಅಂತ 100 ಕೋಟಿ ಪೌಂಡ್ ಇಟ್ಟು ಒಂದು ಯೋಜನೆ ಶುರು ಮಾಡ್ತು, ಆದ್ರೆ ಅದು ಅರ್ಜಿ ಹಾಕಿ ಪೈಪೋಟಿಯಲ್ಲಿ ಗಿಟ್ಟಿಸ್ಕೊಳ್ಳೋ ದುಡ್ಡು, ಡ್ರಾಯಿಂಗ್ ರೆಡಿ ಇಟ್ಕೊಂಡಿರೋ ದೊಡ್ಡ ಸಂಸ್ಥೆಗಳಿಗೆ ಅನುಕೂಲ, ಅರ್ಜಿ ಬರೆಯೋಕೂ ಜನ ಇಲ್ಲದ ಸಣ್ಣ ಕೌನ್ಸಿಲ್ ಅಲ್ಲೇ ಉಳೀತು.

ಬಜೆಟ್ ವಿಷಯದಲ್ಲಿ ನಂಗೆ ಇಷ್ಟ ಆಗೋದು ನಾರ್ವೆಯ ರಾಜಧಾನಿ ಓಸ್ಲೋ. 2017ರ ಬಜೆಟ್ಟಿಂದ ಅವ್ರು ದುಡ್ಡಿನ ಬಜೆಟ್ ಜೊತೆಗೇ ಕ್ಲೈಮೇಟ್ ಬಜೆಟ್ ಮಾಡ್ತಾರೆ, ಅದನ್ನ ನಡೆಸೋದು ಪರಿಸರ ಇಲಾಖೆ ಅಲ್ಲ, ಹಣಕಾಸು ಇಲಾಖೆ. ಯಾವ ಕೆಲ್ಸದಿಂದ ಎಷ್ಟು ಇಳಿಯತ್ತೆ, ಯಾವ ಇಲಾಖೆ ಜವಾಬ್ದಾರಿ ಅಂತ ಬರೆದಿರತ್ತೆ, ಮಾಡಿಲ್ಲ ಅಂದ್ರೆ ಖರ್ಚಿನ ಲೆಕ್ಕ ಕೇಳ್ದಂಗೇ ಇದನ್ನೂ ಕೇಳ್ತಾರೆ. ಪರಿಸರ ಅಧಿಕಾರಿ ಕಳ್ಸೋ ಮೇಲ್‌ಗೂ ಹಣಕಾಸು ಅಧಿಕಾರಿ ಕಳ್ಸೋ ಮೇಲ್‌ಗೂ ಇರೋ ವ್ಯತ್ಯಾಸ ಯಾವುದೇ ಆಫೀಸಲ್ಲಿ ಕೆಲ್ಸ ಮಾಡಿರೋರಿಗೆ ಗೊತ್ತು. ಹಾಗಂತ ಓಸ್ಲೋದಲ್ಲಿ ಎಲ್ಲಾ ಸುಸೂತ್ರ ಅಂತಲ್ಲ, ಊರಲ್ಲೇ ಅತಿ ಹೆಚ್ಚು ಹೊಗೆ ಬಿಡೋ ಕ್ಲೆಮೆಟ್ಸ್‌ರೂಡ್ ಕಸ ಸುಡೋ ಘಟಕದಲ್ಲಿ ಇಂಗಾಲ ಗಾಳಿಗೆ ಹೋಗದಂಗೆ ಹಿಡಿಯೋ ಯೋಜನೆ ಖರ್ಚು ಮೀರಿ 2023ರಲ್ಲಿ ನಿಂತುಹೋಯ್ತು, ಮತ್ತೆ ಹಸಿರು ನಿಶಾನೆ ಸಿಕ್ಕಿದ್ದು 2025ರಲ್ಲಿ.

ಕೋಪನ್‌ಹೇಗನ್ (ಡೆನ್ಮಾರ್ಕಿನ ರಾಜಧಾನಿ) ಕಥೆನೂ ಹೆಚ್ಚು ಕಡಿಮೆ ಅದೇ. 2025ಕ್ಕೆ ಕಾರ್ಬನ್ ನ್ಯೂಟ್ರಲ್ (ನೆಟ್ ಝೀರೋ ಥರದ್ದೇ ಗುರಿ) ಅಂತ 2012ರಲ್ಲಿ ಪ್ಲಾನ್ ಮಾಡಿದ್ರು, 2022ರಲ್ಲಿ ಆಗಲ್ಲ ಅಂತ ಒಪ್ಕೊಂಡ್ರು, ಕಸ ಸುಡೋ ಘಟಕದ ಇಂಗಾಲ ಹಿಡಿಯೋ ಯೋಜನೆಗೆ ಸರ್ಕಾರದ ದುಡ್ಡು ಸಿಗ್ಲಿಲ್ಲ. ಆದ್ರೂ ಅವ್ರನ್ನ ಬೈಯೋಕೆ ನಂಗೆ ಮನಸ್ಸಿಲ್ಲ, ಯಾಕಂದ್ರೆ ಅಷ್ಟರಲ್ಲಿ ಹೊಗೆ ನಿಜವಾಗ್ಲೂ ಬಹಳ ಇಳಿದಿತ್ತು, ಎಲ್ಲಿ ಸಿಕ್ಕಿಹಾಕ್ಕೊಂಡಿದೆ ಅಂತ ಬಾಯಿಬಿಟ್ಟು ಹೇಳಿದ್ರು. ಗುರಿ ತಪ್ಪಿತು ಅನ್ನೋದೊಂದೇ ನೋಡಿ ತೀರ್ಪು ಕೊಟ್ರೆ, 2030 ಹತ್ರ ಬಂದಂಗೆ ಇವ್ರೆಲ್ಲಾ ತೆಪ್ಪಗೆ 2045 ಅಂತ ಬದಲಾಯಿಸ್ಕೋತಾರೆ ಅಷ್ಟೇ. ಸ್ಕಾಟ್ಲೆಂಡ್ ಸರ್ಕಾರವೇ 2030ಕ್ಕೆ 75 ಪರ್ಸೆಂಟ್ ಇಳಿಸ್ತೀವಿ ಅಂದಿದ್ದ ಗುರಿನ 2024ರಲ್ಲಿ ಕೈಬಿಡ್ತು, 2045ರ ನೆಟ್ ಝೀರೋ ಮಾತ್ರ ಹಾಗೇ ಇದೆ.

ಸದ್ದಿಲ್ಲದೆ ಆಗಿರೋ ಕೆಲ್ಸಾನೂ ಇದೆ. ಅರಿವಳಿಕೆಗೆ ಬಳಸ್ತಿದ್ದ ಡೆಸ್‌ಫ್ಲೂರೇನ್ ಅನ್ನೋ ಗ್ಯಾಸು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 2,500 ಪಟ್ಟು ಭೂಮಿನ ಬಿಸಿ ಮಾಡತ್ತೆ, ಬದಲಿಗೆ ಬಳಸೋಕೆ ಬೇರೆ ಗ್ಯಾಸ್‌ಗಳು ಮೊದಲಿಂದಾನೂ ಇದ್ವು. ಸ್ಕಾಟ್ಲೆಂಡಿನ ಆರೋಗ್ಯ ಸೇವೆ 2023ರಲ್ಲಿ ಅದನ್ನ ನಿಲ್ಲಿಸ್ತು. ಅರಿವಳಿಕೆ ತಜ್ಞರೇ ಮುಂದೆ ನಿಂತು ಹೇಳಿದ್ರಿಂದ ಆಗಿದ್ದು ಅದು, ಹೊಸ ಕಟ್ಟಡ ಬೇಕಾಗ್ಲಿಲ್ಲ.

ನೀವು ಮಾಡಬಹುದಾದ್ದು ಏನಂದ್ರೆ, ಮಾಹಿತಿ ಹಕ್ಕಿನಡಿ ಒಂದು ಅರ್ಜಿ ಹಾಕಿ. "ನಿಮ್ಮ ಹವಾಮಾನ ನೀತಿ ಏನು" ಅಂತ ಕೇಳ್ಬೇಡಿ, ಮತ್ತದೇ ಹಸಿರು ಪುಸ್ತಕ ಕಳಿಸ್ತಾರೆ. ನಿಮ್ಮ ಕಟ್ಟಡಗಳಲ್ಲಿ ಎಷ್ಟು ಬಾಯ್ಲರ್ ಇವೆ, ಒಂದೊಂದಕ್ಕೂ ವಯಸ್ಸೆಷ್ಟು, ಕಳೆದ ಮೂರು ವರ್ಷದಲ್ಲಿ ಬದಲಾಯಿಸಿದ್ದರಲ್ಲಿ ಗ್ಯಾಸಿಗೆ ಗ್ಯಾಸೇ ಹಾಕಿದ್ದು ಎಷ್ಟು, ಮುಂದಿನ ಮೂರು ವರ್ಷಕ್ಕೆ ಎತ್ತಿಟ್ಟಿರೋ ದುಡ್ಡು ಎಷ್ಟು ಅಂತ ಕೇಳಿ. ಗ್ಯಾಸ್ ಬಳಕೆನ ಯೂನಿಟ್ ಲೆಕ್ಕದಲ್ಲಿ ವರ್ಷವಾರು ಕೇಳಿ. ಸ್ಕಾಟ್ಲೆಂಡಿನ ಸಂಸ್ಥೆ ಆದ್ರೆ ಅರ್ಜಿಗೂ ಮುಂಚೆ ಅವರ ವಾರ್ಷಿಕ ವರದಿ ತೆಗೀರಿ, ಎಲ್ಲಾ ಸಂಸ್ಥೆಗೂ ಒಂದೇ ನಮೂನೆ ಇರೋದ್ರಿಂದ ಎರಡು ಸಂಸ್ಥೆನ ಅಕ್ಕಪಕ್ಕ ಇಟ್ಟು ನೋಡೋದು ಸುಲಭ, ಪಠ್ಯ ಓದ್ದೇ ಇದ್ರೂ ಪರವಾಗಿಲ್ಲ, ಟೇಬಲ್‌ಗಳಿಗೆ ನೇರ ಹೋಗಿ. ಬಾಯ್ಲರ್ ಪಟ್ಟಿ ನಮ್ಮ ಹತ್ರ ಒಂದೇ ಕಡೆ ಇಲ್ಲ ಅಂತ ಉತ್ತರ ಬಂದ್ರೆ ಆಶ್ಚರ್ಯ ಪಡ್ಬೇಡಿ, ಆ ಉತ್ತರನ ಹಾಗೇ ಪ್ರಿಂಟ್ ತೆಗ್ದು ಬಜೆಟ್ ಸಭೆಗೆ ಮುಂಚೆ ನಿಮ್ಮ ಕೌನ್ಸಿಲರ್ ಕೈಗೆ ಕೊಡಿ.