ಓದುಗರ ಪ್ರಶ್ನೆ: ಡೇವಿಸ್ ಕಪ್ ಲೆಕ್ಕ, ನಮ್ಮೂರ ಕೋರ್ಟಿಗೆ

ಪ್ರಶ್ನೆ: ದೇಶಗಳ ನಡುವಿನ ಟೆನಿಸ್ ಪಂದ್ಯಾವಳಿ ಡೇವಿಸ್ ಕಪ್‌ನಲ್ಲಿ ಭಾರತ ಸ್ವಿಟ್ಜರ್ಲೆಂಡ್ ತಂಡವನ್ನು 3–1ರಿಂದ ಸೋಲಿಸಿತು. ಅದೇ ವರ್ಷ ಫೈನಲ್‌ನಲ್ಲಿ ಇಟಲಿ ಸ್ಪೇನ್ ತಂಡವನ್ನು 2–0ಯಿಂದ ಸೋಲಿಸಿತು. ಒಂದೇ ಕಪ್ಪಿನಲ್ಲಿ ಎರಡು ಲೆಕ್ಕ ಹೇಗೆ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಎರಡೂ 2025ರ ಫಲಿತಾಂಶಗಳೇ, ಎರಡೂ ಸರಿಯಾಗಿವೆ. ಸ್ವಿಟ್ಜರ್ಲೆಂಡಿನ ಬೀಲ್‌ನಲ್ಲಿ ಸೆಪ್ಟೆಂಬರಿನಲ್ಲಿ ನಡೆದದ್ದು ಐದು ಪಂದ್ಯಗಳ ಹಣಾಹಣಿ. ಮೊದಲ ದಿನ ಎರಡು ಸಿಂಗಲ್ಸ್, ಮಾರನೇ ದಿನ ಮೊದಲು ಡಬಲ್ಸ್, ಆಮೇಲೆ ಬೇಕಾದರೆ ಮತ್ತೆರಡು ಸಿಂಗಲ್ಸ್. ಮೂರು ಗೆದ್ದವರು ಮುಂದಕ್ಕೆ. ಭಾರತ ಮೊದಲ ದಿನ ಎರಡೂ ಗೆದ್ದು, ಡಬಲ್ಸ್ ಸೋತು, ನಾಲ್ಕನೆಯದರಲ್ಲಿ ಸುಮಿತ್ ನಗಾಲ್ ಗೆದ್ದಾಗ ಲೆಕ್ಕ ಮುಗಿಯಿತು. ನವೆಂಬರಿನಲ್ಲಿ ಇಟಲಿಯ ಬೊಲೋನ್ಯದಲ್ಲಿ ಎಂಟು ತಂಡಗಳ ಕೊನೆಯ ಹಂತದಲ್ಲಿ ಇರುವುದು ಮೂರೇ ಪಂದ್ಯ: ಎರಡು ಸಿಂಗಲ್ಸ್, ಒಂದು ಡಬಲ್ಸ್, ಎಲ್ಲಾ ಒಂದೇ ದಿನ. ಇಟಲಿ ಸಿಂಗಲ್ಸ್ ಎರಡನ್ನೂ ಗೆದ್ದದ್ದರಿಂದ ಡಬಲ್ಸ್‌ಗೆ ಕೆಲಸವೇ ಉಳಿಯಲಿಲ್ಲ.

2018ರವರೆಗೆ ಮೇಲಿನ ಹಂತವಾದ ವಿಶ್ವ ಗುಂಪಿನಲ್ಲಿ ಮೂರು ದಿನದ ಆಟವಿತ್ತು, ಪಂದ್ಯಕ್ಕೆ ಹೆಚ್ಚೆಂದರೆ ಐದು ಸೆಟ್. ಈಗ ಎಲ್ಲಾ ಹಂತದಲ್ಲೂ ಮೂರೇ ಸೆಟ್. ಸೆಟ್ ಕಡಿಮೆಯಾದದ್ದಕ್ಕೆ ನಮ್ಮ ತಕರಾರಿಲ್ಲ. ಆದರೆ ಡಬಲ್ಸ್ ನಟ್ಟನಡುವೆ ಬರುವ ಐದು ಪಂದ್ಯಗಳ ಕ್ರಮವೇ ತಂಡದ ಆಟಕ್ಕೆ ತಕ್ಕದ್ದು. ಯಾಕೆಂದು ಮುಂದಿನ ಉತ್ತರದಲ್ಲಿ ತಿಳಿಯುತ್ತದೆ.

ಪ್ರಶ್ನೆ: ನಮ್ಮ ಕ್ಲಬ್‌ನಲ್ಲಿ ಡೇವಿಸ್ ಕಪ್ ಮಾದರಿಯಲ್ಲಿ ದುರ್ಗ–ದಾವಣಗೆರೆ ತಂಡಗಳ ಪಂದ್ಯ ಇಟ್ಟಿದ್ದೆವು. 1ನೇ ನಂಬರಿನವರಿಗೆ 1, 2ಕ್ಕೆ 2, ಆಮೇಲೆ ಡಬಲ್ಸ್. ಒಂದು ತಂಡ ತನ್ನ ಒಳ್ಳೆಯ ಆಟಗಾರನನ್ನು 2ನೇ ನಂಬರಿಗೆ ಇಳಿಸಿತೆಂದು ದೊಡ್ಡ ಜಗಳವಾಯಿತು. ಈ ಸಲ ಹೇಗೆ ಮಾಡುವುದು? ಇರುವುದು ಒಂದೇ ಕೋರ್ಟ್. ಗಾಳಿಯ ಕಾಟ ಬೇರೆ.
– ಓದುಗರು, ಚಿತ್ರದುರ್ಗ

ಉತ್ತರ: ಜಗಳದ ಬೇರು ಆಟಗಾರರಲ್ಲಿಲ್ಲ, ನೀವು ಆರಿಸಿಕೊಂಡ ಕ್ರಮದಲ್ಲಿದೆ. ನಾಲ್ಕು ಜನರನ್ನು ಶಕ್ತಿಯ ಪ್ರಕಾರ ಸಾಲಾಗಿ ನಿಲ್ಲಿಸಿ ನೋಡಿ: ದಾವಣಗೆರೆಯ 1, ದುರ್ಗದ 1, ದಾವಣಗೆರೆಯ 2, ದುರ್ಗದ 2. ಪ್ರಾಮಾಣಿಕವಾಗಿ ಆಡಿಸಿದರೆ ದುರ್ಗ ಎರಡೂ ಸಿಂಗಲ್ಸ್ ಸೋಲುತ್ತದೆ. ಅದೇ ದುರ್ಗದವರು ತಮ್ಮ ಇಬ್ಬರನ್ನು ಅದಲುಬದಲು ಮಾಡಿದರೆ ಒಂದು ಸೋಲು, ಒಂದು ಗೆಲುವು, ಡಬಲ್ಸ್‌ನಲ್ಲಿ ತೀರ್ಮಾನ. ಆಸೆ ಹುಟ್ಟುವುದು ಸಹಜ. ಡೇವಿಸ್ ಕಪ್‌ನಲ್ಲಿ ಇದಕ್ಕೆ ಎಡೆಯಿಲ್ಲ. ಯಾರು 1, ಯಾರು 2 ಎಂಬುದನ್ನು ನಾಯಕ ಹೇಳುವುದಿಲ್ಲ, ವಿಶ್ವ ಸಿಂಗಲ್ಸ್ ರ‍್ಯಾಂಕಿಂಗ್ ಹೇಳುತ್ತದೆ.

ನಿಮ್ಮಲ್ಲಿ ರ‍್ಯಾಂಕಿಂಗ್ ಇಲ್ಲದ ಆಟಗಾರರೇ ಹೆಚ್ಚಿರುತ್ತಾರೆ. ಆದ್ದರಿಂದ ಐದು ಪಂದ್ಯಗಳ ಕ್ರಮ ಹಿಡಿಯಿರಿ. ಮೊದಲ ದಿನ ಒಂದು ತಂಡದ 1ನೆಯವರಿಗೆ ಇನ್ನೊಂದರ 2ನೆಯವರು, ಹೀಗೆ ಎರಡು ಪಂದ್ಯ. ಯಾವುದು ಮೊದಲೆಂದು ಚೀಟಿ ಎತ್ತಿ. ಎರಡನೇ ದಿನ ಡಬಲ್ಸ್, ನಂತರ 1ಕ್ಕೆ 1, ಕೊನೆಗೆ 2ಕ್ಕೆ 2. ಇಲ್ಲಿ ಪ್ರತಿಯೊಬ್ಬ ಸಿಂಗಲ್ಸ್ ಆಟಗಾರನೂ ಎದುರಿನ ಇಬ್ಬರನ್ನೂ ಎದುರಿಸಲೇಬೇಕು. ನಂಬರ್ ಬದಲಿಸಿದರೆ ಪಂದ್ಯಗಳ ಸರದಿ ಹಿಂದುಮುಂದಾಗುತ್ತದೆ, ಜೋಡಿಗಳು ಅವೇ ಇರುತ್ತವೆ. ಕಳ್ಳಾಟಕ್ಕೆ ಲಾಭವೇ ಇಲ್ಲ. ಒಂದು ಕಿಂಡಿ ಮಾತ್ರ ಉಳಿಯುತ್ತದೆ: ಎರಡನೇ ದಿನ ಸಿಂಗಲ್ಸ್‌ಗೆ ಬೇರೆಯವರನ್ನು ಇಳಿಸುವುದು. ಗಾಯ, ಜ್ವರ ಬಿಟ್ಟರೆ ಅದಕ್ಕೆ ಅವಕಾಶ ಬೇಡ. ಡಬಲ್ಸ್ ಜೋಡಿಯನ್ನು ಮಾತ್ರ ಪಂದ್ಯಕ್ಕೆ ಒಂದು ಗಂಟೆ ಮುಂಚೆ ಬದಲಿಸಲು ಬಿಡಿ. ಮೊದಲ ದಿನ ದಣಿದವರನ್ನು ಮತ್ತೆ ಡಬಲ್ಸ್‌ಗೆ ಇಳಿಸಿದರೆ ಎರಡು ಗಂಟೆಯೊಳಗೆ ಸಿಂಗಲ್ಸ್‌ಗೂ ಅವರೇ ಬೇಕಾಗಬಹುದು. ನಾಯಕನ ಬುದ್ಧಿ ನಿಜವಾಗಿ ಕಾಣುವುದು ಇಲ್ಲೇ. ತಂಡಕ್ಕೆ ನಾಲ್ಕು ಜನರಿರಲಿ, ಆಡದ ನಾಯಕನಿದ್ದರೆ ಇನ್ನೂ ಒಳ್ಳೆಯದು. ಡೇವಿಸ್ ಕಪ್‌ನಲ್ಲಿ ನಾಯಕ ಕೋರ್ಟಿನ ಪಕ್ಕದ ಕುರ್ಚಿಯಲ್ಲೇ ಕೂತು, ಬದಿ ಬದಲಿಸುವಾಗ ಆಟಗಾರನಿಗೆ ಸಲಹೆ ಕೊಡುತ್ತಾನೆ. ನೀವೂ ಹಾಗೇ ಮಾಡಿ. ನೋಡುವವರಿಗೆ ಇದು ತಂಡದ ಆಟ ಅನ್ನಿಸುವುದು ಆಗಲೇ.

ಒಂದೇ ಕೋರ್ಟ್ ಇರುವುದರಿಂದ ಪಂದ್ಯಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಸೆಟ್ 1–1 ಆದರೆ ಮೂರನೇ ಸೆಟ್ಟಿನ ಬದಲು 10 ಪಾಯಿಂಟ್‌ಗಳ ಟೈಬ್ರೇಕ್, ಎರಡು ಪಾಯಿಂಟ್ ಅಂತರದಿಂದ ಗೆಲ್ಲಬೇಕು. ಮೊದಲ ದಿನ ಬೆಳಿಗ್ಗೆ 7ಕ್ಕೊಂದು, ಸಂಜೆ 4ಕ್ಕೊಂದು. ಎರಡನೇ ದಿನ 6.30ಕ್ಕೆ ಡಬಲ್ಸ್, 8.30ಕ್ಕೆ ನಾಲ್ಕನೇ ಪಂದ್ಯ, ಸಂಜೆ 4ಕ್ಕೆ ಐದನೆಯದು. ನಡು ಮಧ್ಯಾಹ್ನ ಆಡಿಸಬೇಡಿ.

ಕಳೆದ ಸಲ ಬಹುಶಃ ಯಾರೂ ಗಮನಿಸದ ಒಂದು ವಿಷಯವಿದೆ: ಸಿಂಗಲ್ಸ್ ಕೋಲು. ಡಬಲ್ಸ್‌ಗೆ ಕಟ್ಟಿದ ನೆಟ್‌ನಲ್ಲೇ ಸಿಂಗಲ್ಸ್ ಆಡಿಸುವಾಗ, ಸಿಂಗಲ್ಸ್ ಗೆರೆಯಿಂದ 3 ಅಡಿ ಹೊರಗೆ ಎರಡೂ ಕಡೆ ಮೂರೂವರೆ ಅಡಿಯ ಕೋಲು ಕೊಟ್ಟು ನೆಟ್ ಎತ್ತಬೇಕು. ಕೋಲಿಲ್ಲದಿದ್ದರೆ ಗೆರೆಯ ಮೇಲೆ ನೆಟ್ ಸುಮಾರು ಒಂದಿಂಚು ಜೋತುಬೀಳುತ್ತದೆ, ಗೆರೆಗುಂಟ ಹೊಡೆಯುವವನಿಗೆ ಅಷ್ಟು ಪುಕ್ಕಟೆ ಲಾಭ. ಬಡಗಿಯ ಹತ್ತಿರ ಎರಡು ಮರದ ಕೋಲು ಮಾಡಿಸಿ, ತಲೆಯಲ್ಲಿ ನೆಟ್ಟಿನ ಹಗ್ಗ ಕೂರುವಷ್ಟು ಕಚ್ಚು ಹಾಕಿಸಿ. ಡಬಲ್ಸ್‌ಗೆ ಮುಂಚೆ ತೆಗೆಯಲು ಮರೆಯಬೇಡಿ. ನಡುಮಧ್ಯೆ ನೆಟ್ ಸರಿಯಾಗಿ 3 ಅಡಿ ಇರಬೇಕು, ಪ್ರತಿ ಪಂದ್ಯಕ್ಕೂ ಮುಂಚೆ ಟೇಪು ಹಿಡಿದು ಅಳೆಯಿರಿ.

ಚೆಂಡು: ಪಂದ್ಯಕ್ಕೆ ಮೂರು ಚೆಂಡಿನ ಒಂದು ಹೊಸ ಡಬ್ಬಿಯಂತೆ ಐದು, ಮೇಲೆ ಎರಡು ಡಬ್ಬಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಡಬ್ಬಿ ಇಡಬೇಡಿ. ಕಾದ ಚೆಂಡಿನೊಳಗಿನ ಗಾಳಿ ಹಿಗ್ಗಿ ಪುಟಿತ ಜಾಸ್ತಿಯಾಗುತ್ತದೆ. ಅನುಮಾನ ಬಂದರೆ ಗೋಡೆಯ ಮೇಲೆ 8 ಅಡಿ 4 ಇಂಚಿಗೆ ಗುರುತು ಹಾಕಿ, ಕಾಂಕ್ರೀಟ್ ನೆಲದ ಮೇಲೆ ಅಲ್ಲಿಂದ ಚೆಂಡು ಬಿಡಿ, ಎಸೆಯಬೇಡಿ. 4 ಅಡಿ 5 ಇಂಚಿನಿಂದ 4 ಅಡಿ 10 ಇಂಚಿನೊಳಗೆ ಪುಟಿದರೆ ಚೆಂಡು ಸರಿ.

ಗಾಳಿಗೆ: ದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಬೇಲಿಗೆ ಕಟ್ಟುವ ಹಸಿರು ಬಟ್ಟೆ ಇಡಿಯಾಗಿದ್ದರೆ ಹಾಯಿಯಂತೆ ಗಾಳಿ ತುಂಬಿಕೊಂಡು ಕಂಬ ಬಾಗಿಸುತ್ತದೆ. ಅಲ್ಲಲ್ಲಿ ಅರ್ಧಚಂದ್ರಾಕಾರವಾಗಿ ಸೀಳಿಸಿ. ಟೈಬ್ರೇಕಿನಲ್ಲಿ ಪ್ರತಿ 6 ಪಾಯಿಂಟಿಗೆ ಬದಿ ಬದಲಿಸುವ ನಿಯಮವನ್ನು ಬಿಡಬೇಡಿ, ಗಾಳಿ ಇಬ್ಬರಿಗೂ ಸಮನಾಗಿ ಹಂಚಿಕೆಯಾಗುವುದು ಅದರಿಂದಲೇ.

ಪ್ರಶ್ನೆ: ಡೇವಿಸ್ ಕಪ್‌ನಲ್ಲಿ ಆತಿಥೇಯ ದೇಶವೇ ಕೋರ್ಟಿನ ನೆಲ (ಹುಲ್ಲೋ ಮಣ್ಣೋ) ಆರಿಸುವುದು ಅನ್ಯಾಯವಲ್ಲವೇ?
– ಓದುಗರು, ಹರಿಹರ

ಉತ್ತರ: ಅದು ಸರದಿಯ ಹಕ್ಕು. ಕಳೆದ ಬಾರಿ ಒಬ್ಬರ ನೆಲದಲ್ಲಿ ಆಡಿದ್ದರೆ ಈ ಸಲ ಇನ್ನೊಬ್ಬರ ನೆಲ, ಹಿಂದೆ ಆಡಿಲ್ಲದಿದ್ದರೆ ಚೀಟಿ. ಇದರ ಬಲ ಎಷ್ಟೆಂದು 1987ರಲ್ಲೇ ಕಂಡಿದ್ದೇವೆ. ಸೆಮಿಫೈನಲ್‌ನಲ್ಲಿ ಸಿಡ್ನಿಯ ಹುಲ್ಲಿನ ಮೇಲೆ ಭಾರತ ಆಸ್ಟ್ರೇಲಿಯಾವನ್ನು 3–2ರಿಂದ ಸೋಲಿಸಿತು. ಫೈನಲ್‌ಗೆ ಸ್ವೀಡನ್ ಗೋಥೆನ್‌ಬರ್ಗ್‌ನ ಒಳಾಂಗಣದಲ್ಲಿ ಆವೆಮಣ್ಣು ಹಾಸಿತು. ಹುಲ್ಲಿನ ಮೇಲೆ ತಗ್ಗಿನಲ್ಲಿ ಜಾರಿಹೋಗುವ ಚೆಂಡು ಮಣ್ಣಿನ ಮೇಲೆ ನಿಧಾನವಾಗಿ ಎದ್ದು ನಿಲ್ಲುತ್ತದೆ. ಸರ್ವ್ ಮಾಡಿ ನೆಟ್ಟಿಗೆ ನುಗ್ಗುವ ಆಟ ಅಲ್ಲಿ ನಡೆಯುವುದಿಲ್ಲ. ಭಾರತ 0–5ರಿಂದ ಸೋತಿತು.

ಹಾಗಂತ ಹುಲ್ಲು ಹಾಸಿದರೆ ಗೆಲುವು ಖಚಿತ ಅಂತಲೂ ಅಲ್ಲ. 2022ರಲ್ಲಿ ದೆಹಲಿ ಜಿಮ್ಖಾನಾ ಹುಲ್ಲಿನ ಮೇಲೆ ಡೆನ್ಮಾರ್ಕನ್ನು 4–0ಯಿಂದ ಸೋಲಿಸಿದೆವು. ಅದಕ್ಕೂ ಮುಂಚೆ 2019ರಲ್ಲಿ ಕೋಲ್ಕತ್ತದ ಹುಲ್ಲಿನಲ್ಲಿ ಇಟಲಿ ನಮ್ಮನ್ನು 3–1ರಿಂದ ಸೋಲಿಸಿತ್ತು. ಆ ಒಂದು ಪಾಯಿಂಟ್ ತಂದದ್ದು ಡಬಲ್ಸ್‌ನಲ್ಲಿ ಕೊಡಗಿನ ರೋಹನ್ ಬೋಪಣ್ಣ ಮತ್ತು ದಿವಿಜ್ ಶರಣ್.

ಪ್ರಶ್ನೆ: ಭಾರತ ಎಂದಾದರೂ ಕಪ್ ಗೆದ್ದಿದೆಯೇ?
– ಓದುಗರು, ಹೊಸದುರ್ಗ

ಉತ್ತರ: ಇಲ್ಲ. ಫೈನಲ್ ಹಂತಕ್ಕೆ ಮೂರು ಸಲ ಬಂದಿದೆ: 1966, 1974, 1987. 1966ರಲ್ಲಿ ಫೈನಲ್‌ಗೂ ಮುಂಚೆ ಬ್ರೆಜಿಲ್ ವಿರುದ್ಧ ಕೋಲ್ಕತ್ತದಲ್ಲಿ 2–2 ಆಗಿ, ಐದನೇ ಪಂದ್ಯದಲ್ಲಿ ರಾಮನಾಥನ್ ಕೃಷ್ಣನ್ ಸೋಲಿನ ಅಂಚಿನಿಂದ ಎದ್ದು ಥಾಮಸ್ ಕೋಚ್ ಅವರನ್ನು ಮಣಿಸಿದರು. ಮೆಲ್ಬರ್ನ್ ಫೈನಲ್‌ನಲ್ಲಿ ಆಸ್ಟ್ರೇಲಿಯಾ 4–1ರಿಂದ ಗೆದ್ದಿತು. ಅಲ್ಲಿಯೂ ನಮಗೆ ಸಿಕ್ಕ ಒಂದೇ ಪಾಯಿಂಟ್ ಡಬಲ್ಸ್‌ನದು: ಕೃಷ್ಣನ್ ಮತ್ತು ಜೈದೀಪ್ ಮುಖರ್ಜಿ, ನ್ಯೂಕೋಂಬ್ ಮತ್ತು ರೋಚ್ ಜೋಡಿಯ ವಿರುದ್ಧ.

1974ರದ್ದು ಸೋಲೆಂದು ನಾವು ಬರೆಯುವುದಿಲ್ಲ. ಎದುರಾಳಿ ದಕ್ಷಿಣ ಆಫ್ರಿಕಾ. ವರ್ಣಭೇದ ನೀತಿಯನ್ನು ವಿರೋಧಿಸಿ ಭಾರತ ಫೈನಲ್ ಆಡಲು ಒಪ್ಪಲಿಲ್ಲ, ಕಪ್ ಆಡದೆಯೇ ಅವರಿಗೆ ಹೋಯಿತು. ವಿಜಯ್ ಮತ್ತು ಆನಂದ್ ಅಮೃತರಾಜ್ ಅವರಂಥ ಆಟಗಾರರಿದ್ದ ತಂಡ, ಗೆಲ್ಲುವ ಶಕ್ತಿಯಿದ್ದೂ ಬಿಟ್ಟುಕೊಟ್ಟಿತು.